ತೆರೆದ ಡೇಟಾಗೆ ದುಡ್ಡು ಕೊಡೋರು ಯಾರು?

ಬೆಳಗಿನಿಂದ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ. ಲಿಂಕ್ಡ್ ಡೇಟಾವನ್ನು, ಅಂದರೆ ವೆಬ್‌ನಲ್ಲಿ ಒಂದಕ್ಕೊಂದು ಕೊಂಡಿ ಹಾಕಿದ ಮಾಹಿತಿಯನ್ನು, ಕಷ್ಟಪಟ್ಟು ಜೋಡಿಸಿ ಎಲ್ಲರಿಗೂ ತೆರೆದಿಟ್ಟವರು ಹೊಟ್ಟೆಪಾಡಿಗೆ ಏನು ಮಾಡಬೇಕು?

ವೆಬ್ ಅನ್ನು ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ ಇದರ ನಿಯಮಗಳನ್ನು ಬರೆದಿಟ್ಟದ್ದು 2006ರಲ್ಲಿ. ಪ್ರತಿ ವಸ್ತುವಿಗೂ ಒಂದು ವೆಬ್ ವಿಳಾಸ ಕೊಡಿ, ಅಲ್ಲಿಂದ ಬೇರೆ ವಿಳಾಸಗಳಿಗೆ ಕೊಂಡಿ ಹಾಕಿ. ಎಷ್ಟು ಚೆಂದದ ಯೋಚನೆ, ಅಲ್ವಾ? ಆದರೆ ಇದನ್ನು ಹೆಚ್ಚಾಗಿ ಓದುವುದು ಯಂತ್ರಗಳು. ಯಂತ್ರಕ್ಕೆ ಜಾಹೀರಾತು ತೋರಿಸಿ ಏನು ಪ್ರಯೋಜನ? ಹಾಗಂತ ಬಾಗಿಲು ಹಾಕಿ ದುಡ್ಡು ಕೇಳಿದರೆ ಕೊಂಡಿಗಳೇ ಸತ್ತುಹೋಗುತ್ತವೆ.

ನನಗೆ ಜಾಸ್ತಿ ಭರವಸೆ ಕೊಟ್ಟಿದ್ದು ಮ್ಯೂಸಿಕ್‌ಬ್ರೈನ್ಸ್. ಹಾಡು, ಆಲ್ಬಮ್, ಕಲಾವಿದರ ಮೂಲ ಮಾಹಿತಿ ಅಲ್ಲಿ ಎಲ್ಲರಿಗೂ ಉಚಿತ. ಆದರೆ ಗಂಟೆಗಂಟೆಗೂ ಬರುವ ತಾಜಾ ಬದಲಾವಣೆಗಳನ್ನು ವ್ಯಾಪಾರಕ್ಕೆ ಬಳಸುವ ಕಂಪನಿಗಳು ಹಣ ಕೊಡುತ್ತವೆ. ವಿಕಿಪೀಡಿಯ ನಡೆಸುವ ವಿಕಿಮೀಡಿಯ ಕೂಡ 2021ರಲ್ಲಿ ದೊಡ್ಡ ಬಳಕೆದಾರರಿಗಾಗಿ ಎಂಟರ್‌ಪ್ರೈಸ್ ಅನ್ನುವ, ದುಡ್ಡು ಕೊಟ್ಟು ಪಡೆಯುವ ಸೇವೆ ಶುರು ಮಾಡಿತು. ಅಂದರೆ ಬೆಲೆ ಇರುವುದು ಡೇಟಾಗಲ್ಲ, ಅದು ತಪ್ಪದೆ, ಹೊತ್ತಿಗೆ ಸರಿಯಾಗಿ ಸಿಗುತ್ತದೆ ಅನ್ನುವ ಭರವಸೆಗೆ. ಇದು ನನಗೆ ನ್ಯಾಯ ಅನ್ನಿಸುತ್ತದೆ.

ಇನ್ನೊಂದು ದಾರಿ, ಯಾರಾದರೂ ಕೊಂಡುಕೊಳ್ಳುವುದು. ಫ್ರೀಬೇಸ್ ಅನ್ನುವ ತೆರೆದ ಮಾಹಿತಿ ಭಂಡಾರ ಕಟ್ಟಿದ ಕಂಪನಿಯನ್ನು ಗೂಗಲ್ 2010ರಲ್ಲಿ ಕೊಂಡಿತು. 2016ರಲ್ಲಿ ಫ್ರೀಬೇಸ್ ಮುಚ್ಚಿತು.

ಆದರೂ ಒಂದು ಚಿಂತೆ ಉಳಿದಿದೆ. ಹಾಡುಗಳ ಡೇಟಾಗೆ ದೊಡ್ಡ ಗಿರಾಕಿಗಳಿದ್ದಾರೆ. ಪಾಚಿಗಳ ಹೆಸರುಗಳನ್ನೋ ಹಳೆಯ ನಕಾಶೆಗಳನ್ನೋ ಸುಮ್ನೆ ಪ್ರೀತಿಯಿಂದ ಜೋಡಿಸುತ್ತಿರುವವರ ಸರ್ವರ್ ಖರ್ಚನ್ನು ಯಾರು ಹೊರುತ್ತಾರೆ? ನಿಮಗೆ ಗೊತ್ತಿರುವ ದಾರಿ ಇದ್ದರೆ ದಯವಿಟ್ಟು ಹೇಳಿ.