ವಾಲ್ಯೂಮ್ ಮೂರರಲ್ಲಿ ಕೇಳುವ ಆಲ್ಬಮ್

ಪಟ್ಟಿಯಲ್ಲಿ ಐದೇ ಆಲ್ಬಮ್ ಇರಬೇಕು. ಪ್ರತಿಯೊಬ್ಬರೂ ತಮ್ಮ ಮೊದಲನೇ ಸ್ಥಾನದ ಆಲ್ಬಮ್‌ನಿಂದ ಒಂದು ಹಾಡು ಹಾಕಬೇಕು. ಹಾಡು ಮುಗಿಯುವ ತನಕ ಯಾರೂ ತುಟಿ ಬಿಚ್ಚುವ ಹಾಗಿಲ್ಲ. ಇಷ್ಟು ಕಟ್ಟುಪಾಡು ಮಾಡಿಕೊಂಡು 2024ರ ಅಕ್ಟೋಬರ್ 20ರ ಭಾನುವಾರ, ಹನುಮಂತನಗರದ ಗೆಳೆಯನ ಮನೆಯ ಮಹಡಿ ಕೋಣೆಯಲ್ಲಿ ನಾವು ಮೂವರು ಕೂತೆವು: ಗೆಳೆಯ, ಅವನ ತಂಗಿ, ನಾನು. ಆ ವಾರವೆಲ್ಲ ಬೆಂಗಳೂರಿಗೆ ಮಳೆ ಹಿಡಿದಿತ್ತು. ಅಂಡರ್‌ಗ್ರೌಂಡ್ ಹಿಪ್‌ಹಾಪ್‌ನಲ್ಲಿ (ದೊಡ್ಡ ಕಂಪನಿಗಳ ಆಚೆ ಬೆಳೆದ ರ‍್ಯಾಪ್‌ನಲ್ಲಿ) ಯಾರು ದೊಡ್ಡವರು ಅನ್ನುವ ಜಗಳ ಕಾಲೇಜಿನಿಂದಲೂ ನಡೆದು ಬಂದದ್ದು. ಈ ಸಲ ಅದನ್ನು ಕೆದಕಿದ್ದು ಒಂದು ಸಾವಿನ ಸುದ್ದಿ.

ಬ್ರೂಕ್ಲಿನ್‌ನ ಬ್ರೌನ್ಸ್‌ವಿಲ್‌ನವನಾದ ಕಸೀಮ್ ರಯಾನ್, ‘ಕಾ’ ಎಂಬ, ಇಂಗ್ಲಿಷಿನಲ್ಲಿ ಎರಡೇ ಅಕ್ಷರದ ಹೆಸರಿನಲ್ಲಿ ಹಾಡುತ್ತಿದ್ದವನು, ಅಕ್ಟೋಬರ್ 12ರಂದು ತೀರಿಕೊಂಡಿದ್ದ. ವಯಸ್ಸು 52. ನಮಗಿಲ್ಲಿ ಅದು ವಿಜಯದಶಮಿ. ಸುದ್ದಿ ನನಗೆ ತಲುಪಿದ್ದು ಮೂರು ದಿನ ಕಳೆದು, ಆಫೀಸಿಗೆ ಹೊರಟು ಮಳೆಗೆ ಸಿಕ್ಕಿ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ. ಎರಡು ಬಸ್ ಬಿಟ್ಟುಬಿಟ್ಟೆ.

ಮೊದಲ ಸರದಿ ಗೆಳೆಯನದು. ಅವನು ಸೌಂಡ್ ಎಂಜಿನಿಯರ್. ಮ್ಯಾಡ್‌ವಿಲನಿಯ ಎಲ್‌ಪಿಯನ್ನು ಪ್ಲಾಸ್ಟಿಕ್ ಕವರಿನಿಂದ ಎರಡು ಅಂಗೈ ಒತ್ತಿ ತೆಗೆಯುತ್ತಾನೆ, ಅಂಚಿಗೆ ಬಿಟ್ಟು ಎಲ್ಲಿಗೂ ಬೆರಳು ತಾಗಿಸುವುದಿಲ್ಲ. ಬೂದು ಬಣ್ಣದ ಮುಖಪುಟ, ಲೋಹದ ಮುಖವಾಡ, ಮೇಲಿನ ಮೂಲೆಯಲ್ಲಿ ಒಂದೇ ಒಂದು ಕಿತ್ತಳೆ ಬಣ್ಣದ ಚಿಕ್ಕ ಚೌಕ. 2004ರಲ್ಲಿ ರ‍್ಯಾಪರ್ ಎಂಎಫ್ ಡೂಮ್ ಮತ್ತು ಬೀಟ್ ಕಟ್ಟುವ ಮ್ಯಾಡ್‌ಲಿಬ್ ಸೇರಿ ಮಾಡಿದ್ದು, 22 ತುಣುಕು, ಹೆಚ್ಚಿನವು ಮೂರು ನಿಮಿಷವನ್ನೂ ಮುಟ್ಟುವುದಿಲ್ಲ. ಅವನು ‘ಅಕಾರ್ಡಿಯನ್’ ಹಾಕಿದ. ಎರಡೇ ನಿಮಿಷದಲ್ಲಿ ಮುಗಿದುಹೋಯಿತು. ಪಲ್ಲವಿ ಅನ್ನುವುದೇ ಇಲ್ಲ. ಪ್ರಾಸದ ಮೇಲೆ ಪ್ರಾಸ ಬೀಳುತ್ತಾ ಹೋಗುತ್ತದೆ, ಹಾಡುವವನು ಮಾತ್ರ ಸೋಫಾದಲ್ಲಿ ಒರಗಿ ಕೂತವನ ಹಾಗೆ ನಿರಾಳ.

"ಈ ಮ್ಯಾಡ್‌ಲಿಬ್ ಬೀಟ್‌ಗಳಲ್ಲಿ ಕೆಲವನ್ನ ಬ್ರೆಜಿಲ್‌ಗೆ ಹೋದಾಗ ಹೋಟೆಲ್ ರೂಮಲ್ಲೇ ಮಾಡಿದ್ದು ಕಣೋ. ಒಂದು ಪುಟ್ಟ ಟರ್ನ್‌ಟೇಬಲ್, ಒಂದು ಸ್ಯಾಂಪ್ಲರ್, ಅಲ್ಲೇ ಕೊಂಡ ರೆಕಾರ್ಡು. ಇನ್ನೇನು ಬೇಕು ಹೇಳು?" ಅಂದ. ಒಡಹುಟ್ಟಿದ ತಮ್ಮ ಸಬ್‌ರಾಕ್ 1993ರಲ್ಲಿ ಸತ್ತು, ರೆಕಾರ್ಡ್ ಕಂಪನಿಯೂ ಕೈಬಿಟ್ಟಮೇಲೆ ಡೂಮ್ ವರ್ಷಗಟ್ಟಲೆ ಕಾಣೆಯಾಗಿ, ಮುಖವಾಡ ಹಾಕಿಕೊಂಡು ತಿರುಗಿ ಬಂದ ಕತೆಯನ್ನೂ ಹೇಳಿದ. ನಮಗೆಲ್ಲ ಗೊತ್ತಿದ್ದ ಕತೆಯೇ. ಆದರೂ ಅವನು ಹೇಳುವಾಗ ಕೇಳಬೇಕು ಅನ್ನಿಸುತ್ತದೆ.

ತಂಗಿ ಆರಿಸಿದ್ದು ಕ್ಯಾನಿಬಲ್ ಆಕ್ಸ್‌ನ ‘ದ ಕೋಲ್ಡ್ ವೇನ್’. 2001ರದು, ಹಾರ್ಲೆಮ್‌ನ ಇಬ್ಬರು ಹುಡುಗರ ಮಾತು, ಎಲ್-ಪಿ ಎಂಬ ನಿರ್ಮಾಪಕನ ಸಂಗೀತ. ಅವಳು ಹಾಕಿದ ಹಾಡು ‘ಪಿಜನ್’, ನ್ಯೂಯಾರ್ಕಿನ ಪಾರಿವಾಳಗಳದು. ಯಾರಿಗೂ ಬೇಡವಾಗಿ, ಆದರೂ ಊರು ಬಿಡದೆ ಬದುಕುವ ಜೀವಗಳನ್ನು ಪಾರಿವಾಳದಲ್ಲಿ ಕಾಣಿಸುವ ಹಾಡು. ತಗಡು ಉಜ್ಜಿದ ಹಾಗೆ ಕೇಳುವ ಸಿಂಥ್, ಅದರ ಮೇಲೆ ಅವಸರವಿಲ್ಲದ ದನಿ.

ನನ್ನ ಸರದಿ ಬಂದಾಗ ಕಾನ ‘ಡಿಸೆಂಡೆಂಟ್ಸ್ ಆಫ್ ಕೇನ್’ ಆಲ್ಬಮ್ಮಿನ ಕೊನೆಯ ಹಾಡು ಹಾಕಿದೆ. ಹೆಂಡತಿಗೊಂದು ಚರಣ, ಅಮ್ಮನಿಗೊಂದು, ಗೆಳೆಯ ಕೆವ್‌ಗೊಂದು. ಇಡೀ ಹಾಡನ್ನು ಅವನು ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳಿದರೆ ಸಾಕು ಅನ್ನುವಷ್ಟು ತಗ್ಗಿದ ದನಿಯಲ್ಲಿ ಹೇಳುತ್ತಾನೆ. ಹಾಡು ನಡೆಯುತ್ತಿದ್ದ ಹಾಗೆ ಗೆಳೆಯನ ಹೆಬ್ಬೆರಳು ಮೊಣಕಾಲ ಮೇಲೆ ತಾಳ ಹುಡುಕುತ್ತಿದ್ದದ್ದನ್ನು ನೋಡಿದೆ. ಸಿಗದೆ ನಿಂತಿತು.

"ಡ್ರಮ್ಮೇ ಇಲ್ವಲ್ಲೋ ಇದ್ರಲ್ಲಿ. ಇದನ್ನ ರ‍್ಯಾಪ್ ಅಂತ ಹೆಂಗೆ ಒಪ್ಪಲಿ?"

ನಾನು ಪುತ್ತೂರಿನವನು. ಅಜ್ಜನ ಮನೆ ಜಗಲಿಯಲ್ಲಿ ತಾಳಮದ್ದಳೆಯ ಕ್ಯಾಸೆಟ್ಟು ಕೇಳಿ ಬೆಳೆದವನು. ಪಾತ್ರದ ಮಾತು ಆಡುವ ಅರ್ಥಧಾರಿಗಳಾದ ಶೇಣಿಯವರ ವಾಲಿಯೋ ಸಾಮಗರ ಮಾತಿನ ಓಘವೋ ಅಂತ ಅಜ್ಜನೂ ನೆರೆಮನೆಯವರೂ ಎಲೆಯಡಿಕೆ ಮುಗಿಯುವ ತನಕ ವಾದಿಸುತ್ತಿದ್ದರು. ಭಾಗವತರ ಪದ್ಯ ಮುಗಿದು ಮದ್ದಳೆ ನಿಂತಮೇಲೆ ಅರ್ಥಧಾರಿಗೆ ಇರುವುದು ಅವನ ಮಾತೊಂದೇ. ಲಯ ಹೋಗಿರುವುದಿಲ್ಲ, ಮಾತಿನ ಒಳಕ್ಕೆ ಇಳಿದಿರುತ್ತದೆ. ಕಾನ ಹಾಡಿನಲ್ಲಿ ನಾನು ಕೇಳುವುದು ಅದನ್ನೇ ಅಂದೆ. ಒಂದು ಪದಕ್ಕೆ ಎರಡು ಅರ್ಥ ಕಟ್ಟಿ, ಎರಡನೆಯದು ಮೂರು ಸಾಲು ಕಳೆದಮೇಲೆ ನಮಗೆ ಹೊಳೆಯುವಂತೆ ಮಾಡುತ್ತಾನೆ.

ಗೆಳೆಯ ಲೆಕ್ಕಕ್ಕೆ ಇಳಿದ. 2014ರಲ್ಲಿ ಮ್ಯಾಟ್ ಡೇನಿಯಲ್ಸ್ ಎಂಬಾತ ಪ್ರತಿಯೊಬ್ಬ ರ‍್ಯಾಪರ್‌ನ ಮೊದಲ 35,000 ಪದ ತೆಗೆದುಕೊಂಡು ಅದರಲ್ಲಿ ಬೇರೆಬೇರೆ ಪದ ಎಷ್ಟಿವೆ ಅಂತ ಎಣಿಸಿದ್ದ. ಏಸಪ್ ರಾಕ್ 7,392 ಪದಗಳೊಂದಿಗೆ ಎಲ್ಲರಿಗಿಂತ ಮೇಲಿದ್ದ. "ಮಾತೇ ಮುಖ್ಯ ಅನ್ನೋದಾದ್ರೆ ಅವನನ್ನ ಹಾಕು." ಏಸಪ್ ರಾಕ್‌ನ ‘ಲೇಬರ್ ಡೇಸ್’ ನನ್ನ ಐದರಲ್ಲಿ ಇದ್ದೇ ಇದೆ. ಆದರೆ ಪದ ಎಣಿಸಿ ಕವಿಯನ್ನು ತೂಗುವುದು ನನಗೆ ಒಗ್ಗುವುದಿಲ್ಲ. ಶೇಣಿಯವರು ಎಷ್ಟು ಶ್ಲೋಕ ಹೇಳಿದರು ಅಂತ ಅಜ್ಜ ಯಾವತ್ತೂ ಎಣಿಸಿದವರಲ್ಲ. ವಾಲಿಯ ಒಂದು ಪ್ರಶ್ನೆಗೆ ರಾಮ ತಡವರಿಸಿದನೋ ಇಲ್ಲವೋ, ಅವರಿಗೆ ಅಷ್ಟೇ ಬೇಕಿತ್ತು.

ಆಗ ತಂಗಿ ಕೇಳಿದ ಪ್ರಶ್ನೆ ನೇರವಾಗಿ ನಾಟಿತು.

"ಅಣ್ಣಾ, ಅವ್ರು ಹೋದ ವಾರ ಸತ್ತಿದ್ದಕ್ಕೆ ಮೊದಲನೇ ಜಾಗ ಕೊಡ್ತಿದೀರಾ? ಡೂಮ್ ಸತ್ತ ಸುದ್ದಿ ಬಂದಾಗ ಇವ್ನೂ ಹಿಂಗೇ ಮಾಡ್ದ. ಡಿಲ್ಲಾದೂ ಅದೇ ಕತೆ."

ಸುಳ್ಳಲ್ಲ. ಡೂಮ್ ತೀರಿಕೊಂಡದ್ದು 2020ರ ಅಕ್ಟೋಬರ್ 31ಕ್ಕೆ, ಲೋಕಕ್ಕೆ ಗೊತ್ತಾದದ್ದು ಡಿಸೆಂಬರ್ 31ಕ್ಕೆ. ಆ ಹೊಸ ವರ್ಷದ ರಾತ್ರಿ ಗೆಳೆಯ ಫೋನ್ ಮಾಡಿ ಏನೂ ಮಾತಾಡದೆ ಆಲ್ಬಮ್ ಕೇಳಿಸಿದ್ದ. ಬೀಟ್ ಕಟ್ಟುತ್ತಿದ್ದ ಜೆ ಡಿಲ್ಲಾನ ‘ಡೋನಟ್ಸ್’ ಆಲ್ಬಮ್ ಹೊರಬಂದದ್ದು 2006ರ ಫೆಬ್ರವರಿ 7, ಅವನ 32ನೇ ಹುಟ್ಟುಹಬ್ಬದ ದಿನ. ಮೂರೇ ದಿನಕ್ಕೆ ಅವನಿಲ್ಲ. ಅದನ್ನು ಆ ಮೂರು ದಿನ ಬಿಟ್ಟು ಕೇಳಲು ನನ್ನಿಂದ ಈಗ ಆಗುವುದಿಲ್ಲ. ‘ದ ಕೋಲ್ಡ್ ವೇನ್’ಗೆ ಇಂಥ ಯಾವ ಕತೆಯ ಆಸರೆಯೂ ಬೇಕಿಲ್ಲ, ಅದು ತನ್ನ ಕಾಲಮೇಲೆ ನಿಂತಿದೆ ಅನ್ನುವುದು ಅವಳ ವಾದ. ಒಳ್ಳೆಯ ವಾದ. ತಕ್ಷಣಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾನ ಆ ಆಲ್ಬಮ್ ಬಂದದ್ದು 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ. ಮಗಳಿಗಾಗ ಎಂಟು ತಿಂಗಳು. ಅವಳು ಮಲಗಿದಮೇಲೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದು ನನ್ನ ಪಾಲಿನ ಕೆಲಸ. ಫೋನನ್ನು ಸ್ಟೀಲ್ ಲೋಟದೊಳಗೆ ನಿಲ್ಲಿಸಿ ವಾಲ್ಯೂಮನ್ನು ಮೂರು ಗೆರೆಗೆ ಇಡುತ್ತಿದ್ದೆ. ನಾಲ್ಕಾದರೆ ಮಗು ಎಚ್ಚರಾಗುತ್ತಿತ್ತು. ಮೂರರಲ್ಲಿ ಮ್ಯಾಡ್‌ವಿಲನಿ ಬರೀ ಗುಸುಗುಸು, ‘ದ ಕೋಲ್ಡ್ ವೇನ್’ ದೂರದ ಗ್ಯಾರೇಜಿನ ಸದ್ದು. ಕಾ ಮಾತ್ರ ಆ ಮೂರು ಗೆರೆಯಲ್ಲಿ ಪೂರ್ತಿ ಕೇಳುತ್ತಿದ್ದ. ನಲ್ಲಿ ಸಣ್ಣಗೆ ಮಾಡಿ, ಬಾಣಲೆಯನ್ನು ಸದ್ದಾಗದ ಹಾಗೆ ಮಗುಚಿ ಇಟ್ಟು, ನಾನೇ ಅವನ ಹತ್ತಿರ ಸರಿಯಬೇಕಿತ್ತು. ಅವನು ನ್ಯೂಯಾರ್ಕಿನ ಅಗ್ನಿಶಾಮಕ ದಳದಲ್ಲಿ ಇಪ್ಪತ್ತು ವರ್ಷ ದುಡಿದು ಕ್ಯಾಪ್ಟನ್ ಆದವನು, ಅವಳಿ ಗೋಪುರ ಬಿದ್ದ ದಿನವೂ ಕೆಲಸಕ್ಕೆ ಓಡಿದವನು, ತನ್ನ ರೆಕಾರ್ಡುಗಳನ್ನು ಫುಟ್‌ಪಾತ್ ಮೇಲೆ ನಿಂತು ಕೈಯಾರೆ ಮಾರಿದವನು ಅನ್ನುವುದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಲೋಟದೊಳಗಿನ ಆ ದನಿಗೆ ನಾಲ್ಕು ವರ್ಷ ಮೊದಲೇ ನನ್ನಲ್ಲಿ ಮೊದಲನೇ ಜಾಗ ಸಿಕ್ಕಿತ್ತು.

ಗೆಳೆಯ ಎದ್ದು ಕಿಟಕಿ ಮುಚ್ಚಿದ. ಆಂಪ್ಲಿಫೈಯರ್‌ನ ಗುಂಡಿಯನ್ನು ತುಂಬಾ ಕೆಳಕ್ಕೆ ತಿರುಗಿಸಿ, "ಇನ್ನೊಂದ್ಸಲ ಹಾಕು" ಅಂದ. ಈ ಸಲ ಅವನ ಹೆಬ್ಬೆರಳು ಆಡಲಿಲ್ಲ. ಅಮ್ಮನ ಚರಣ ಮುಗಿದಾಗ, ಹಾಡಿನ ನಡುವೆ ಮಾತಾಡಬಾರದು ಅನ್ನುವ ಕಟ್ಟುಪಾಡು ಮುರಿದು, "ಆ ಸಾಲು ಮತ್ತೆ" ಅಂದ. ತಿರುಗಿಸಿ ಹಾಕಿದೆ. ಪಟ್ಟಿಯಲ್ಲಿ ಅವನ ಮೊದಲನೆಯದು ಮ್ಯಾಡ್‌ವಿಲನಿಯಾಗಿಯೇ ಉಳಿಯಿತು. ಕಾನ ಹೆಸರನ್ನು ಐದನೆಯದಾಗಿ ಬರೆದುಕೊಂಡ.

ರಾತ್ರಿ ಮನೆಗೆ ಬಂದು ಊಟವಾದಮೇಲೆ, ಪಾತ್ರೆ ಹಾಗೇ ಬಿಟ್ಟು, ಹೆಡ್‌ಫೋನ್ ಹಾಕಿಕೊಂಡು ಟೆರೇಸಿಗೆ ಹೋದೆ. ‘ದ ಕೋಲ್ಡ್ ವೇನ್’ ಅನ್ನು ಮೊದಲಿಂದ ಕೊನೆಯ ತನಕ, ಕಿವಿ ತಡೆಯುವಷ್ಟು ಜೋರಾಗಿ ಕೇಳಿದೆ. ‘ಪಿಜನ್’ ಬರುವ ಹೊತ್ತಿಗೆ ಹನ್ನೆರಡೂವರೆ. ನಮ್ಮ ಅಪಾರ್ಟ್‌ಮೆಂಟಿನ ಡಕ್ಟಿಗೆ ಪಾರಿವಾಳ ಬರದಿರಲಿ ಅಂತ ಬಲೆ ಕಟ್ಟಿಸಿದ್ದಾರೆ. ಬಲೆಯ ಹೊರಗೆ, ನೀರಿನ ಟ್ಯಾಂಕಿನ ಅಡಿಯಲ್ಲಿ, ಏಳೆಂಟು ಪಾರಿವಾಳ ಒಂದಕ್ಕೊಂದು ಒತ್ತಿಕೊಂಡು ಮಳೆಗೆ ಕೂತಿದ್ದವು. ಹಾಡು ಮುಗಿದಮೇಲೆ ತಂಗಿಗೆ ಮೆಸೇಜ್ ಹಾಕಿದೆ: "ನನ್ನ ಎರಡನೇದು ಬದಲಾಯ್ತು."