ಹಲಗೆಯ ಬಲ ಮೂಲೆ

ಗಣಿತದ ಶಿಕ್ಷಕಿಯಾಗಬೇಕೆಂಬ ಆಸೆ ನನಗೆ ಚಿಕ್ಕಂದಿನಿಂದೇನೂ ಇರಲಿಲ್ಲ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ, ರಾಜಾಜಿನಗರದ ಸಣ್ಣ ಕಚೇರಿಯೊಂದರಲ್ಲಿ ಮೂರು ವರ್ಷ ಲೆಕ್ಕಪತ್ರ ಬರೆದೆ. ಆ ದಿನಗಳಲ್ಲಿ ಸಂಜೆ ಹೊತ್ತು ಮೇಲಿನ ಮನೆಯವರ ಮಗಳಿಗೆ ಎಸ್ಸೆಸ್ಸೆಲ್ಸಿ ಗಣಿತ ಹೇಳಿಕೊಡುತ್ತಿದ್ದಾಗ, ಇಡೀ ಹಗಲಿನ ದುಡಿಮೆಗಿಂತ ಈ ಒಂದು ಗಂಟೆಯೇ ಮನಸ್ಸಿಗೆ ಹಿತವಾಗಿದೆಯಲ್ಲ ಎಂದು ಹೊಳೆದು, ಕೆಲಸ ಬಿಟ್ಟು ಬಿ.ಎಡ್.ಗೆ ಸೇರಿದೆ. 2015ರಿಂದ ಅದು ಎರಡು ವರ್ಷದ ಕೋರ್ಸಾಗಿದೆ. ಒಂದೇ ವರ್ಷದಲ್ಲಿ ಮುಗಿಸಿದ್ದ ಚಿಕ್ಕಮ್ಮ ಅದನ್ನು ಕೇಳಿ ನನಗಿಂತ ಹೆಚ್ಚು ಬೇಸರಪಟ್ಟುಕೊಂಡರು.

ಬಿ.ಎಡ್.ನಲ್ಲಿ ಕಲಿತದ್ದು ವ್ಯರ್ಥವಾಯಿತೆಂದು ಹೇಳಲಾರೆ. ಆದರೆ ಐದಾರು ಸಹಪಾಠಿಗಳನ್ನು ಎದುರಿಗೆ ಕೂರಿಸಿಕೊಂಡು ಐದಾರು ನಿಮಿಷ ಪಾಠ ಮಾಡುವ ಸೂಕ್ಷ್ಮಬೋಧನೆಯಲ್ಲಿ, ಪ್ರಶ್ನೆ ಕೇಳಿದ ತಕ್ಷಣ ಎಲ್ಲರೂ ಕೈ ಎತ್ತುತ್ತಾರೆ, ಸರಿಯುತ್ತರ ಹೇಳುತ್ತಾರೆ, ಏಕೆಂದರೆ ನಾಳೆ ಅವರ ಸರದಿ. ಪೀಣ್ಯದ ಕಡೆಯ ಒಂದು ಅನುದಾನಿತ ಪ್ರೌಢಶಾಲೆಯ ಒಂಬತ್ತನೆಯ ತರಗತಿಗೆ ಮೊದಲ ದಿನ ಕಾಲಿಟ್ಟಾಗ ನನ್ನ ಎದುರಿಗಿದ್ದವರು ಐವತ್ತೆರಡು ಮಂದಿ, ಅವರಲ್ಲಿ ಯಾರಿಗೂ ನನ್ನ ಪಾಠಯೋಜನೆ ಯಶಸ್ವಿಯಾಗಲೇಬೇಕೆಂಬ ಹಂಬಲವಿರಲಿಲ್ಲ. ಎರಡನೆಯ ವಾರಕ್ಕೆ ನನ್ನ ಗಂಟಲು ಕಟ್ಟಿತು. ಡಸ್ಟರನ್ನು ಮೇಜಿಗೆ ಬಡಿದರೆ ಒಂದು ನಿಮಿಷ ಮೌನ, ಆಮೇಲೆ ಮೊದಲಿಗಿಂತ ಹೆಚ್ಚು ಗಲಾಟೆ, ಜೊತೆಗೆ ನನ್ನ ಸೀರೆಯ ತುಂಬ ಸೀಮೆಸುಣ್ಣದ ಪುಡಿ.

ಆ ಶಾಲೆಯಲ್ಲಿ ಶಿಸ್ತಿಗೆ ಒಂದು ಪದ್ಧತಿ ನಾನು ಬರುವ ಮೊದಲೇ ಇತ್ತು. ತರಗತಿಯ ಲೀಡರ್ ಹಲಗೆಯ ಬಲ ಮೂಲೆಯಲ್ಲಿ ಒಂದು ಚೌಕ ಹಾಕಿ, ಅದರೊಳಗೆ ಮಾತಾಡಿದವರ ಹೆಸರು ಬರೆಯಬೇಕು. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದು ಪ್ಲಸ್ ಗುರುತು. ಬೆತ್ತದ ಕಾಲ ಮುಗಿದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಪೋಷಕರ ಸಭೆಗೆ ಬಂದವರು "ಮಾತು ಕೇಳದಿದ್ದರೆ ಎರಡು ಬಿಡಿ ಮಿಸ್, ನಾವೇನೂ ಅನ್ನೋದಿಲ್ಲ" ಎಂದು ಈಗಲೂ ಧಾರಾಳವಾಗಿ ಅನುಮತಿ ಕೊಡುತ್ತಾರೆಂಬುದು ಬೇರೆ ಮಾತು. ದಿನವಿಡೀ ಹಲಗೆಯ ಮೇಲೆ ಹೆಸರು ನೇತುಹಾಕುವುದು ಆ ಕಾಯ್ದೆ ಹೇಳುವ ಎರಡನೆಯ ಬಗೆಗೆ ಸೇರುವುದಿಲ್ಲವೇ ಎಂಬ ಅನುಮಾನ ನನಗಿತ್ತು. ಆದರೆ ಹೊಸಬಳಾದ ನನಗೆ ಅದನ್ನು ಬೇಡವೆನ್ನುವ ಧೈರ್ಯ ಬರಲಿಲ್ಲ, ಅದಿಲ್ಲದಿದ್ದರೆ ಏನು ಮಾಡಬೇಕೆಂಬುದೂ ತಿಳಿದಿರಲಿಲ್ಲ.

ಒಂದು ದಿನ ಹಿರಿಯ ಶಿಕ್ಷಕಿಯೊಬ್ಬರು ಕಿಟಕಿಯಿಂದ ನನ್ನ ಪಾಠ ನೋಡಿದ್ದರೆಂದು ಕಾಣುತ್ತದೆ. ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆರೆಯುತ್ತ, "ನೀನು ಗೋಡೆಗೆ ಪಾಠ ಮಾಡ್ತೀಯಲ್ಲಮ್ಮಾ" ಎಂದರು. ಮಾತು ನಿಜವಾಗಿತ್ತು. ಉದ್ದನೆಯ ಲೆಕ್ಕವನ್ನು ಬಿಡಿಸುವಾಗ ನಾನು ಮೂರು ನಾಲ್ಕು ನಿಮಿಷ ಮಕ್ಕಳಿಗೆ ಬೆನ್ನು ತೋರಿಸಿ ಬರೆಯುತ್ತಿದ್ದೆ, ಗಲಾಟೆ ಹುಟ್ಟುತ್ತಿದ್ದದ್ದು ಆ ಹೊತ್ತಿನಲ್ಲಿ. ಅವರು ಹಲಗೆಗೆ ಓರೆಯಾಗಿ ನಿಂತು, ಒಂದು ಸಾಲು ಬರೆದು, ತಿರುಗಿ, ಮುಂದಿನ ಸಾಲನ್ನು ಮಕ್ಕಳ ಬಾಯಿಂದಲೇ ಹೇಳಿಸಿ ಬರೆಯುವುದನ್ನು ತೋರಿಸಿಕೊಟ್ಟರು. ತರಗತಿಗಳ ವಿಡಿಯೊಗಳನ್ನು ಅಧ್ಯಯನ ಮಾಡಿ 1970ರಲ್ಲಿ ತನ್ನ ಫಲಿತಾಂಶ ಪ್ರಕಟಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್, ತಪ್ಪು ನಡೆದ ಮೇಲೆ ಗದರಿಸುವ ರೀತಿಯಲ್ಲಿ ಒಳ್ಳೆಯ ಶಿಕ್ಷಕರಿಗೂ ಉಳಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ವ್ಯತ್ಯಾಸವಿರುವುದು ತರಗತಿಯ ಮೂಲೆಮೂಲೆಯಲ್ಲಿ ನಡೆಯುವುದು ತನಗೆ ಗೊತ್ತಿದೆಯೆಂದು ಮಕ್ಕಳಿಗೆ ಅನಿಸುವಂತೆ ನಡೆದುಕೊಳ್ಳುವುದರಲ್ಲಿ ಎಂದು ಕಂಡುಕೊಂಡಿದ್ದ. ಬಿ.ಎಡ್. ಪರೀಕ್ಷೆಗೆಂದು ನಾನು ಉರುಹೊಡೆದಿದ್ದ ಈ ಸಂಗತಿ ಅರ್ಥವಾದದ್ದು ಆ ಮಧ್ಯಾಹ್ನ, ಚಿತ್ರಾನ್ನದ ವಾಸನೆಯ ನಡುವೆ.

ಬೆನ್ನು ತೋರಿಸುವುದು ನಿಂತ ಮೇಲೂ ಗಲಾಟೆ ಪೂರ್ತಿ ನಿಲ್ಲಲಿಲ್ಲ. ಆದರೆ ಅದು ಎಲ್ಲಿ ಶುರುವಾಗುತ್ತದೆಂಬುದು ಈಗ ಕಣ್ಣಿಗೆ ಕಾಣತೊಡಗಿತು, ಮತ್ತು ಹೆಚ್ಚಿನ ಸಲ ಅದು ಶುರುವಾಗುತ್ತಿದ್ದದ್ದು ಪಾಠದ ಎಳೆ ತಪ್ಪಿದ ಕಡೆಯೇ. "ಎ ಪ್ಲಸ್ ಬಿ ಹೋಲ್ ಸ್ಕ್ವೇರ್" ಎಂದರೆ ಎ ವರ್ಗ ಕೂಡಿಸು ಬಿ ವರ್ಗ ಎಂದು ಅರ್ಧ ತರಗತಿ ನಂಬಿತ್ತು. ಸೂತ್ರವನ್ನು ಹತ್ತು ಸಲ ಹೇಳಿದರೂ ಆ ನಂಬಿಕೆ ಅಲುಗಲಿಲ್ಲ, ಹಿಂದಿನ ಬೆಂಚಿನಲ್ಲಿ ಪಿಸುಮಾತು ಎದ್ದಿತು. ಮರುದಿನ, ಏಳು ಅಡಿ ಉದ್ದ ಏಳು ಅಡಿ ಅಗಲದ ಕೋಣೆಯ ನೆಲಕ್ಕೆ ಕಲ್ಲು ಹಾಸಬೇಕೆಂದು ಹೇಳಿ, ಚೌಕವನ್ನು ಬರೆದು, ಪ್ರತಿ ಬದಿಯನ್ನೂ ಮೂರು ಮತ್ತು ನಾಲ್ಕಾಗಿ ಒಡೆದೆ. ಅವರು ನಂಬಿದ ಸೂತ್ರದಂತೆ ಒಂದು ಮೂಲೆಯಲ್ಲಿ ಒಂಬತ್ತು, ಎದುರು ಮೂಲೆಯಲ್ಲಿ ಹದಿನಾರು, ಒಟ್ಟು ಇಪ್ಪತ್ತೈದು ಚದರಡಿಗೆ ಕಲ್ಲು ಬಂತು. ಉಳಿದ ಎರಡು ತುಂಡು, ಹನ್ನೆರಡು ಹನ್ನೆರಡರವು, ಬರಿಯ ಮಣ್ಣು. "ಮೇಸ್ತ್ರಿ ದುಡ್ಡು ತಗೊಂಡು ಓಡಿಹೋದ ಮಿಸ್" ಎಂದು ಹಿಂದಿನಿಂದಲೇ ಯಾರೋ ಅಂದರು. ಆ ಮೇಸ್ತ್ರಿ ವರ್ಷಪೂರ್ತಿ ನಮ್ಮ ಜೊತೆಗಿದ್ದ.

ಇನ್ನೊಂದು ತಿದ್ದುಪಡಿ ನನ್ನ ಅವಸರದ್ದು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವುದು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಹೊತ್ತು ಮಾತ್ರ, ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದರೂ ಮಕ್ಕಳ ಉತ್ತರ ಉದ್ದವಾಗುತ್ತದೆ, ಎಂದೂ ಬಾಯಿ ತೆರೆಯದವರು ಮಾತಾಡುತ್ತಾರೆ ಎಂದು ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತೋರಿಸಿದ್ದರು. ನಮ್ಮಂಥ ಊರಿನಲ್ಲಿ ಆ ಮೂರು ಸೆಕೆಂಡಿಗೆ ಇನ್ನೂ ಒಂದು ಕಾರಣವಿದೆ. ಏಳೆಂಟ್ಲ ಎಷ್ಟೆಂದು ಕೇಳಿದರೆ ನನ್ನ ತರಗತಿಯಲ್ಲಿ ಒಬ್ಬಳ ತುಟಿ ತೆಲುಗಿನಲ್ಲಿ ಆಡುತ್ತದೆ, ಪಕ್ಕದವನದು ಉರ್ದುವಿನಲ್ಲಿ, ಕಿಟಕಿಯ ಬಳಿಯವಳದು ತಮಿಳಿನಲ್ಲಿ. ಐವತ್ತಾರು ಎಂಬುದು ಕನ್ನಡಕ್ಕೆ ಬಂದು ತಲುಪಲು ಸ್ವಲ್ಪ ಹೊತ್ತು ಬೇಕಲ್ಲವೇ? ನಾನು ಸೀಮೆಸುಣ್ಣವನ್ನು ಮುಷ್ಟಿಯಲ್ಲಿ ಒತ್ತಿಕೊಂಡು ಮನಸ್ಸಿನಲ್ಲೇ ಎಣಿಸುವುದನ್ನು ರೂಢಿ ಮಾಡಿಕೊಂಡೆ.

ಹತ್ತನೆಯ ತರಗತಿಯಲ್ಲಿ ಹೀಗೆ ಕಾಯಲು ಪುರುಸೊತ್ತು ಕಡಿಮೆ. ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಜನವರಿ ಬಂತೆಂದರೆ ಹಿಂದುಳಿದವರಿಗೆ 'ಪಾಸಿಂಗ್ ಪ್ಯಾಕೇಜ್', ಅಂದರೆ ನಕ್ಷೆ, ಒಂದೆರಡು ಪ್ರಮೇಯಗಳ ಬಾಯಿಪಾಠ. ನಾನೂ ಮಾಡಿಸುತ್ತೇನೆ. ಮನೆಯಲ್ಲಿ ಮೊದಲ ಎಸ್ಸೆಸ್ಸೆಲ್ಸಿ ಪಾಸಾಗುವ ಹುಡುಗಿಗೆ ಅದು ಬೇಡವೆನ್ನಲು ನಾನ್ಯಾರು? ಆದರೆ ಸಮಾಂತರ ಶ್ರೇಢಿಯ, ಅಂದರೆ ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ ಸಾಲಿನ, ಪಾಠವನ್ನು ಮಾತ್ರ ಪ್ಯಾಕೇಜಿಗೆ ಬಿಟ್ಟುಕೊಡಬಾರದೆಂದು ಆ ವರ್ಷ ಹಟ ಹಿಡಿದೆ.

2025ರ ಆಗಸ್ಟ್ 1ರಿಂದ ಬೆಂಗಳೂರಿನ ಆಟೊ ದರ ಬದಲಾಗಿತ್ತು: ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18. ಹಲಗೆಯ ಮೇಲೆ 36, 54, 72 ಎಂದು ಬರೆದು, ಹತ್ತು ಕಿಲೋಮೀಟರಿಗೆ ಎಷ್ಟಾಗುತ್ತದೆಂದು ಕೇಳಿ, ಎಣಿಸತೊಡಗಿದೆ. ಜಾಣರೆನಿಸಿಕೊಂಡವರೆಲ್ಲ ಸೂತ್ರದಲ್ಲಿ ಹತ್ತನ್ನು ಇಟ್ಟು 198 ಎಂದರು. ಕೊನೆಯ ಬೆಂಚಿನಿಂದ ಒಬ್ಬ, ಬಲ ಮೂಲೆಯ ಚೌಕದಲ್ಲಿ ಆಗಲೇ ನಾಲ್ಕು ಪ್ಲಸ್ ಸಂಪಾದಿಸಿದ್ದವನು, ಎದ್ದು ನಿಲ್ಲದೆಯೇ "ನೂರ ಎಂಬತ್ತು ಮಿಸ್, ನಮ್ಮಪ್ಪನ ಮೀಟರಲ್ಲಿ ಅಷ್ಟೇ ಬರೋದು" ಎಂದ. ತರಗತಿ ನನ್ನ ಮುಖ ನೋಡಿತು. ಯಾಕೆಂದು ನಾನು ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು, ಮೊದಲ ಪದವೇ ಎರಡು ಕಿಲೋಮೀಟರಿನದಾದ್ದರಿಂದ ಹತ್ತನೆಯ ಕಿಲೋಮೀಟರು ಒಂಬತ್ತನೆಯ ಪದವಾಗುತ್ತದೆ, 36ಕ್ಕೆ ಎಂಟು ಹದಿನೆಂಟನ್ನು ಮಾತ್ರ ಸೇರಿಸಬೇಕು ಎಂದು ತಡವರಿಸುತ್ತ ಬಿಡಿಸಿ ಹೇಳಿದಳು.

ಅಷ್ಟರಲ್ಲಿ ಇನ್ನೊಂದು ಮೂಲೆಯಿಂದ, "ಮೀಟರ್ ಮೇಲೆ ಯಾರು ಬರ್ತಾರೆ ಮಿಸ್, ಒನ್ ಅಂಡ್ ಹಾಫ್ ಕೇಳ್ತಾರೆ" ಎಂಬ ಮಾತು ಬಂದು ಇಡೀ ತರಗತಿ ಗೊಳ್ಳೆಂದಿತು. "ರಾತ್ರಿ ಹತ್ತರ ಮೇಲೆ ಅದು ರೂಲೇ ಕಣೋ" ಎಂದು ಆಟೊದವರ ಮಗ ತಿರುಗಿಬಿದ್ದ. ಹಾಗಾದರೆ ಎಲ್ಲ ಪದವನ್ನೂ ಒಂದೂವರೆ ಪಟ್ಟು ಮಾಡಿದರೂ ಅದು ಶ್ರೇಢಿಯಾಗಿಯೇ ಉಳಿಯುತ್ತದೆಯೇ, ಉಳಿದರೆ ಸಾಮಾನ್ಯ ವ್ಯತ್ಯಾಸ ಎಷ್ಟು ಎಂದು ಕೇಳಿದೆ. ಐವತ್ತು ಚಿಲ್ಲರೆ ಮಂದಿ ಒಟ್ಟಿಗೆ ಮಾತಾಡತೊಡಗಿದರು. ಲೀಡರ್ ಹುಡುಗಿ ಓಡಿಬಂದು ತನ್ನ ಚೌಕದಲ್ಲಿ ಹೆಸರು ಬರೆಯಲಾರಂಭಿಸಿ, ಏಳೆಂಟು ಬರೆಯುವಷ್ಟರಲ್ಲಿ ಜಾಗ ಮುಗಿದು, ಇನ್ನೆಲ್ಲಿ ಬರೆಯಲೆಂದು ನನ್ನತ್ತ ನೋಡಿದಳು. ಹಲಗೆಯಲ್ಲಿ ನನಗೂ ಬೇರೆಡೆ ಜಾಗವಿರಲಿಲ್ಲ. ಅವಳ ಕೈಯಿಂದ ಡಸ್ಟರ್ ತೆಗೆದುಕೊಂಡು ಆ ಮೂಲೆಯನ್ನು ಒರೆಸಿ, ಅಲ್ಲಿ 54, 81, 108 ಎಂದು ಬರೆದೆ.