‘ಎಷ್ಟು ಜನರನ್ನ ಕನ್ವರ್ಟ್ ಮಾಡಿದ್ರಿ?’: ಕೇಳಿದವರಿಗೆಲ್ಲ ಒಂದೇ ಸಲ ಉತ್ತರ

‘ತಪ್ಪು ತಿಳ್ಕೋಬೇಡಿ ಮೇಡಂ, ಸುಮ್ನೆ ಕೇಳ್ತಿದ್ದೀನಿ’ ಅಂತಲೇ ಶುರುವಾಗುತ್ತದೆ. ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಚರ್ಚಿನವರು ನಡೆಸುವ ಮಕ್ಕಳ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ ಎಂದು ಬಾಯಿಬಿಟ್ಟರೆ ಸಾಕು. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಕೇಳಿದ್ದಾರೆ, ರೈಲಿನಲ್ಲಿ ಎದುರಿಗೆ ಕೂತವರು ಕೇಳಿದ್ದಾರೆ, ನನ್ನ ಹುಳುಕು ಹಲ್ಲು ನೋಡುತ್ತಿದ್ದ ಡಾಕ್ಟರು ಬಾಯೊಳಗೆ ಕನ್ನಡಿ ಹಿಡಿದುಕೊಂಡೇ ಕೇಳಿದ್ದಾರೆ: ‘ಹಾಗಾದ್ರೆ ಎಷ್ಟು ಜನರನ್ನ ಕನ್ವರ್ಟ್ ಮಾಡಿದ್ರಿ?’

ಯಾರನ್ನೂ ಇಲ್ಲ.

ಇಷ್ಟಕ್ಕೇ ಸಮಾಧಾನವಾದವರು ಮುಂದೆ ಓದಬೇಕಾಗಿಲ್ಲ. ಆದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ‘ಇಲ್ಲ’ ಅಂದ ಕೂಡಲೇ ಮುಂದಿನದು ಬರುತ್ತದೆ: ‘ಮತ್ತೆ ನಿಮಗೇನ್ ಲಾಭ?’ ಹತ್ತು ಜನಕ್ಕೆ ಹತ್ತು ಸಲ ಹೇಳಿ ಬಾಯಿ ಸೋತಿದೆ. ಬರೆದೇ ಬಿಡುತ್ತೇನೆ.

ನಾನು ಕ್ರೈಸ್ತಳು. ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆಯುವ ಮುಂಚೆ ಪ್ರಾರ್ಥನೆ ಮಾಡುತ್ತೇನೆ. ಮಕ್ಕಳು ಅದನ್ನು ನೋಡಿದ್ದಾರೆ, ಅವರಿಂದ ಮರೆಮಾಚುವ ಕೆಲಸವೇನೂ ಅಲ್ಲ ಅದು. ಯಾರಾದರೂ ತಾವಾಗಿ, ತಿಳಿದು, ನಾನು ನಂಬಿದ್ದನ್ನು ನಂಬಿದರೆ ನನಗೆ ಸಂತೋಷವಾಗುತ್ತದೆ. ಆಗುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹಸಿದ ಮಗುವಿನ ಮುಂದೆ ಒಂದು ಕೈಯಲ್ಲಿ ಅನ್ನ, ಇನ್ನೊಂದು ಕೈಯಲ್ಲಿ ದೀಕ್ಷಾಸ್ನಾನ ಹಿಡಿದು ನಿಲ್ಲುವುದು ನಾನು ನಂಬಿದ ಕ್ರಿಸ್ತನಿಗೇ ಮಾಡುವ ಅವಮಾನ. ಯೇಸು ಹೇಳಿದ ಸಮಾರ್ಯದವನ ಸಾಮತಿ ಬಹಳ ಜನಕ್ಕೆ ಗೊತ್ತು. ಕಳ್ಳರ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ಎತ್ತಿ, ಗಾಯಕ್ಕೆ ಎಣ್ಣೆ ಹಚ್ಚಿ ಕಟ್ಟಿ, ಛತ್ರಕ್ಕೆ ಸೇರಿಸಿ, ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಇಟ್ಟು ಹೋದವನು ಬೇರೆ ಪಂಗಡದವನು. ಗುಣವಾದ ಮೇಲೆ ಆ ಮನುಷ್ಯ ಯಾವ ಗುಡಿಗೆ ಹೋದ ಎಂಬ ಮಾತೇ ಆ ಕಥೆಯಲ್ಲಿ ಬರುವುದಿಲ್ಲ. ನನಗೆ ಅಷ್ಟು ಸಾಕು.

ಸಂಶಯ ಎಲ್ಲಿಂದ ಹುಟ್ಟಿತು ಎಂಬುದೂ ಗೊತ್ತು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದಾಗ ಸುವಾರ್ತೆ ಸಾರುವುದೇ ಅವರ ಉದ್ದೇಶವಾಗಿತ್ತು. ಅವರು ಅದನ್ನು ಮುಚ್ಚಿಡಲಿಲ್ಲ. ಅವರು ಕಟ್ಟಿದ ಶಾಲೆಗಳಲ್ಲಿ ಬೈಬಲ್ ಪಾಠವೂ ಇತ್ತು. ಅಲ್ಲಿಂದಲೇ ‘ಅನ್ನ ಕೊಟ್ಟು ಜಾತಿ ಕೆಡಿಸ್ತಾರೆ’ ಎಂಬ ಮಾತು ಬಂತು. ಆದರೆ ಆಗ ಕ್ರೈಸ್ತರಾದವರಿಗೆ ಸಿಕ್ಕಿದ್ದೇನು? ಜಾತಿಯಿಂದ ಹೊರಗೆ. ಎಷ್ಟೋ ಜನರ ಗೇಣಿ ಜಮೀನು ಹೋಯಿತು, ಕುಲಕಸುಬು ಹೋಯಿತು, ಮನೆ ಹೋಯಿತು. ಅವರಿಗೆ ಹೊಟ್ಟೆಪಾಡಿಗೊಂದು ದಾರಿ ಬೇಕಾಯಿತು ಎಂದೇ ಮಿಷನ್ನಿನವರು ನೇಯ್ಗೆ ಶುರುಮಾಡಿದರು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮೊದಲು ಕಳೆದುಕೊಂಡರು, ಆಮೇಲೆ ಕೆಲಸ ಸಿಕ್ಕಿತು. ಜನ ಇದನ್ನು ತಿರುಗಾಮುರುಗಾ ಮಾಡಿ ಹೇಳುತ್ತಾರೆ.

ಇವತ್ತಿನ ಲೆಕ್ಕವೂ ಹಾಗೇ ಇದೆ. ನಮ್ಮಲ್ಲಿಗೆ ಬರುವ ಮಕ್ಕಳು ಹೆಚ್ಚಾಗಿ ಪರಿಶಿಷ್ಟ ಜಾತಿಯವರು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಧರ್ಮ ಬಿಟ್ಟು ಬೇರೆ ಧರ್ಮ ಪಾಲಿಸುವವರು ಪರಿಶಿಷ್ಟ ಜಾತಿಯವರಾಗಿ ಉಳಿಯುವುದಿಲ್ಲ. ನಮ್ಮ ರಾಜ್ಯದಲ್ಲಿ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಹೋಗುತ್ತಾರೆ. ಪರಿಶಿಷ್ಟರ ಮೀಸಲಾತಿ ಹೋಯಿತು, ಆ ಕೋಟಾದ ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನ ಹೋಯಿತು, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಹೋಯಿತು. ಇಷ್ಟೆಲ್ಲ ಬಿಟ್ಟುಕೊಟ್ಟು ಒಬ್ಬ ತಾಯಿ ನಮ್ಮ ಸಂಜೆಯ ಉಪ್ಪಿಟ್ಟಿಗೆ ಮರುಳಾಗಿ ಬರುತ್ತಾಳೆ ಎಂದು ನಂಬುವವರು ಆಕೆಯನ್ನು ಏನೆಂದುಕೊಂಡಿದ್ದಾರೆ? ನನ್ನ ಸಿಟ್ಟೆಲ್ಲ ಇಲ್ಲೇ. ಈ ಪ್ರಶ್ನೆ ನನ್ನನ್ನು ಮೋಸಗಾತಿ ಮಾಡಿದರೆ ನಾನು ಹೇಗೋ ತಡೆದುಕೊಳ್ಳುತ್ತೇನೆ. ಆ ತಾಯಂದಿರನ್ನು ಬುದ್ಧಿ ಇಲ್ಲದವರನ್ನಾಗಿ ಮಾಡುತ್ತದಲ್ಲ, ಅದನ್ನು ತಡೆದುಕೊಳ್ಳಲಾರೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ‘ಫಾರಿನ್ ದುಡ್ಡು ಬರ್ತದಲ್ಲ’ ಅನ್ನುವವರಿಗೆ: ವಿದೇಶಿ ದೇಣಿಗೆ ಪಡೆಯಲು ಕೇಂದ್ರ ಗೃಹ ಸಚಿವಾಲಯದ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಒಂದೇ ಒಂದು ಸ್ಟೇಟ್ ಬ್ಯಾಂಕ್ ಶಾಖೆಗೆ ಬಂದು ಇಳಿಯಬೇಕು. ನಮ್ಮ ಕೇಂದ್ರಕ್ಕೆ ಆ ನೋಂದಣಿಯೂ ಇಲ್ಲ, ಆ ಹಣವೂ ಇಲ್ಲ. ನಮ್ಮದು ನಡೆಯುವುದು ಚರ್ಚಿನ ಸಭೆಯವರ ಕಾಣಿಕೆಯಿಂದ, ಸುಗ್ಗಿ ಹಬ್ಬದ ಹರಾಜಿನಿಂದ. ಚರ್ಚಿನ ಅಂಗಳದಲ್ಲಿ ಜೋಳದ ಚೀಲ, ಕೋಳಿ, ಬಾಳೆಗೊನೆ, ಮನೆಯಲ್ಲಿ ಮಾಡಿದ ಚಕ್ಕುಲಿ ಎಲ್ಲ ಇಟ್ಟು ಕೂಗುತ್ತಾರೆ. ಒಂದು ಕುಂಬಳಕಾಯಿಯನ್ನು ಒಬ್ಬರು ಕೊಂಡು, ‘ಇನ್ನೊಮ್ಮೆ ಕೂಗ್ರಿ’ ಎಂದು ವಾಪಸ್ ಇಡುತ್ತಾರೆ. ಇನ್ನೊಬ್ಬರು ಕೊಂಡು ಮತ್ತೆ ಇಡುತ್ತಾರೆ. ಸಂಜೆಯ ಹೊತ್ತಿಗೆ ಆ ಕುಂಬಳಕಾಯಿ ಮಕ್ಕಳ ಹಲವು ವಾರಗಳ ಊಟಕ್ಕಾಗುವಷ್ಟು ದುಡ್ಡು ದುಡಿದಿರುತ್ತದೆ. ಅದನ್ನು ಹೆಚ್ಚಿ ಸಾರು ಮಾಡಲು ಯಾರಿಗೂ ಮನಸ್ಸೇ ಬರುವುದಿಲ್ಲ.

2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂತು. ಅದರಲ್ಲಿ ‘ಆಮಿಷ’ದ ವ್ಯಾಖ್ಯೆಯೊಳಗೆ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಕೊಡುವ ಉಚಿತ ಶಿಕ್ಷಣವನ್ನೂ ಸೇರಿಸಿದ್ದರು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಆ ಕಾಲದಲ್ಲೇ ಒಂದು ಸಂಜೆ ಬೈಕಿನಲ್ಲಿ ನಾಲ್ಕು ಹುಡುಗರು ನಮ್ಮ ಕೇಂದ್ರಕ್ಕೆ ಬಂದರು. ಒಬ್ಬನ ಕೈಯಲ್ಲಿ ಮೊಬೈಲ್, ಆಗಲೇ ವಿಡಿಯೋ ಶುರುವಾಗಿತ್ತು. ಮಕ್ಕಳು ಮಗ್ಗಿ ಹೇಳುತ್ತಿದ್ದರು. ‘ಇಲ್ಲಿ ಮತಾಂತರ ನಡೀತೈತಂತಲ್ಲ?’ ಅಂದ. ನನಗೆ ಕೋಪ ನೆತ್ತಿಗೇರಿತು, ಕೈಯೂ ನಡುಗುತ್ತಿತ್ತು.

ನಾನು ಬಾಯಿ ತೆರೆಯುವ ಮುಂಚೆ, ಮೂಲೆಯಲ್ಲಿ ಕ್ಯಾರಿಬ್ಯಾಗಿನಿಂದ ಕಾಗದ ತೆಗೆದು ಹರಡಿಕೊಂಡು ಕೂತಿದ್ದ ತಾಯಿಯೊಬ್ಬರು ತಲೆ ಎತ್ತಿದರು. ‘ತಮ್ಮಾ, ನಿನಗ ಇಂಗ್ಲಿಷ್ ಓದಾಕ ಬರ್ತದೇನು? ಅಕ್ಕೋರದು ಚಸ್ಮಾ ಒಡದೈತಿ. ಇದೊಂದು ನೋಡು.’ ಅವರ ಮಗಳ ಹೆಸರು ಹುಲಿಗೆಮ್ಮ. ಹುಲಿಗಿಯ ಹುಲಿಗೆಮ್ಮ ದೇವಿಯ ಜಾತ್ರೆಗೆ ಹರಕೆ ಹೊತ್ತು ಹುಟ್ಟಿದ ಮಗು. ಆಧಾರಿನಲ್ಲಿ ಮಾತ್ರ ‘ಉಲಿಗೆಮ್ಮ’ ಅಂತ ಬಿದ್ದಿತ್ತು. ಶಾಲೆಯ ದಾಖಲೆಯಲ್ಲಿ ಒಂದು, ಆಧಾರಿನಲ್ಲಿ ಒಂದು, ಜಾತಿ ಪ್ರಮಾಣಪತ್ರದಲ್ಲಿ ಇನ್ನೊಂದು. ಮೂರೂ ಕೂಡದೆ ವಿದ್ಯಾರ್ಥಿವೇತನದ ಅರ್ಜಿ ಮುಂದಕ್ಕೆ ಹೋಗುತ್ತಿರಲಿಲ್ಲ. ನಾಡಕಚೇರಿಗೆ ಅಲೆದಲೆದು ಆಕೆಯ ಎಷ್ಟು ದಿನದ ಕೂಲಿ ಹೋಗಿತ್ತೋ.

ಆ ಹುಡುಗ ಒಂದು ಕ್ಷಣ ನಿಂತ. ಆಮೇಲೆ ಮೊಬೈಲ್ ಜೇಬಿಗಿಟ್ಟು ಚಾಪೆಯ ಮೇಲೆ ಕೂತ. ತನ್ನ ತಂಗಿಯದೂ ಇದೇ ಗೋಳು ಆಗಿತ್ತು ಅಂದ, ಯಾವ ಕಾಗದ ಮೊದಲು ತಿದ್ದಿಸಬೇಕು, ಯಾವುದು ಆಮೇಲೆ ಅಂತ ನನಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು. ಫಾರಂ ತುಂಬಿಸಿಕೊಟ್ಟ. ಉಳಿದ ಮೂವರು ಬಾಗಿಲಲ್ಲಿ ನಿಂತು ನಿಂತು ಕಡೆಗೆ ಮಕ್ಕಳ ಮಗ್ಗಿ ಕೇಳತೊಡಗಿದರು. ಹದಿನೇಳರ ಮಗ್ಗಿ ಅವರಲ್ಲಿ ಒಬ್ಬನಿಗೂ ಬರಲಿಲ್ಲ, ನಮ್ಮ ಮಕ್ಕಳು ಬಿದ್ದೂ ಬಿದ್ದೂ ನಕ್ಕರು. ಹೊರಡುವಾಗ ಆ ತಾಯಿ ಅವನಿಗೆ ಹೇಳಿದ ಮಾತು ಇದು: ‘ನಮ್ಮವ್ವ ಹುಲಿಗೆಮ್ಮ ಎಲ್ಲೀಗೂ ಹೋಗಂಗಿಲ್ಲಪ್ಪ. ಹೆಸರು ಬರಿಯಾವ್ರು ಸರೀಗ ಬರೀಲಿ.’

ಹುಲಿಗಿ ದೇವಿಯ ಹೆಸರು ಸರ್ಕಾರಿ ದಾಖಲೆಯಲ್ಲಿ ನೆಟ್ಟಗೆ ಬರಲಿ ಅಂತ ನಾನು ಆ ವರ್ಷವೆಲ್ಲ ಓಡಾಡಿದೆ. ನನ್ನ ಕ್ರೈಸ್ತ ಸೇವೆ ಅಂದರೆ ಇದೇ. ಹೆಮ್ಮೆಯಿಂದಲೇ ಹೇಳುತ್ತೇನೆ.

ನನ್ನನ್ನು ಯಾರೂ ಕೇಳದ ಪ್ರಶ್ನೆಯೊಂದಿದೆ: ನಿಮ್ಮ ಕೇಂದ್ರದ ಮಕ್ಕಳ ಅವ್ವ ಅಪ್ಪ ಎಲ್ಲಿ?

ಬೆಂಗಳೂರಿನಲ್ಲಿ. ಪುಣೆಯಲ್ಲಿ. ಹೈದರಾಬಾದಿನಲ್ಲಿ. ನಮ್ಮ ಕಡೆ ಕಾಲುವೆ ನೀರು ಮುಟ್ಟದ ಹಳ್ಳಿಗಳಲ್ಲಿ ಹಿಂಗಾರು ಕೈಕೊಟ್ಟರೆ ದೀಪಾವಳಿ ಮುಗಿದ ಮೇಲೆ ಮನೆಗಳಿಗೆ ಬೀಗ ಬೀಳುತ್ತದೆ. ಪಾತ್ರೆ, ಹಾಸಿಗೆ, ಕೂಸು ಎಲ್ಲ ಬಸ್ಸಿಗೆ ಹೇರಿಕೊಂಡು ಗುಳೆ ಹೋಗುತ್ತಾರೆ. ಹಲವರು ತಿರುಗಿ ಬರುವುದು ಕಾರ ಹುಣ್ಣಿವೆಯ ಆಸುಪಾಸಿಗೆ. ಜೊತೆಗೆ ಹೋದ ಮಕ್ಕಳ ಅರ್ಧ ವರ್ಷದ ಶಾಲೆ ಹೋಯಿತು. ಬಿಟ್ಟುಹೋದ ಮಕ್ಕಳು ಅಜ್ಜಿಯ ಪಾಲು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದಾಗ ರಾಯಚೂರು ಶೇ 60ನ್ನೂ ಮುಟ್ಟಿರಲಿಲ್ಲ, ಪಕ್ಕದ ಯಾದಗಿರಿ ಶೇ 52ರ ಕೆಳಗಿತ್ತು. ಗುಳೆ ನಿಲ್ಲದೆ ಈ ಅಂಕಿ ಹೇಗೆ ಏರಬೇಕು?

ನಮ್ಮ ದಿನದ ಕೆಲಸ ಹೆಚ್ಚಾಗಿ ಆ ಅಜ್ಜಿಯರದ್ದೇ. ಒಬ್ಬ ಅಜ್ಜಿಯ ಬೆರಳು ಕಳೆ ಕಿತ್ತು ಕಿತ್ತು ಸವೆದುಹೋಗಿದೆ, ರೇಷನ್ ಅಂಗಡಿಯ ಯಂತ್ರ ಅದನ್ನು ಹಿಡಿಯುವುದಿಲ್ಲ. ಒಟಿಪಿ ಬರುವುದು ಮಗನ ಮೊಬೈಲಿಗೆ. ಮಗ ಬೆಂಗಳೂರಿನಲ್ಲಿ ಯಾವುದೋ ಕಟ್ಟಡದ ಒಂಬತ್ತನೇ ಮಹಡಿಯಲ್ಲಿ ಗಾರೆ ಕಲಸುತ್ತಿರುತ್ತಾನೆ. ಅವನು ಫೋನ್ ಎತ್ತಿ ನಂಬರು ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ, ಮತ್ತೆ ಒತ್ತು. ಹಿಂದೆ ಸರದಿಯಲ್ಲಿ ನಿಂತವರು ಗೊಣಗುತ್ತಾರೆ, ಅಜ್ಜಿ ‘ನಂದೇ ತಪ್ಪೇನೋ’ ಎಂಬಂತೆ ಸೆರಗು ಮುಂದೆಳೆದುಕೊಂಡು ನಿಲ್ಲುತ್ತಾಳೆ. ಅವಳ ಜೊತೆ ನಿಲ್ಲಲು ಒಬ್ಬರು ಬೇಕು. ನಮ್ಮ ಸಂಸ್ಥೆಯ ಅರ್ಧ ಸೇವೆ ಆ ಸರದಿಯಲ್ಲೇ ನಡೆಯುತ್ತದೆ.

ಇನ್ನು ಕೆಲವರು ಒಳ್ಳೆಯ ಮನಸ್ಸಿನಿಂದಲೇ ಫೋನ್ ಮಾಡುತ್ತಾರೆ: ‘ಅನಾಥ ಮಕ್ಕಳು ಎಷ್ಟಿದ್ದಾರೆ? ಮಗನ ಬರ್ತ್‌ಡೇ ಇದೆ, ಬಂದು ಕೇಕ್ ಕಟ್ ಮಾಡ್ತೀವಿ.’ ಇಲ್ಲಿ ಅನಾಥರಿಲ್ಲ. ಅವ್ವ ಅಪ್ಪ ದುಡಿಯಲು ಹೋಗಿರುವ ಮಕ್ಕಳಿದ್ದಾರೆ. ತನ್ನ ಹುಟ್ಟಿದ ದಿನ ಯಾವತ್ತು ಎಂದು ಗೊತ್ತಿಲ್ಲದ ಮಗುವನ್ನು ಸಾಲಾಗಿ ನಿಲ್ಲಿಸಿ ಇನ್ನೊಬ್ಬರ ಮಗನಿಗೆ ಚಪ್ಪಾಳೆ ತಟ್ಟಿಸಲು ನಾನು ಒಪ್ಪುವುದಿಲ್ಲ. ಇದನ್ನು ಹೇಳಿದರೆ ಸೊಕ್ಕು ಅನ್ನುತ್ತಾರೆ. ಅನ್ನಲಿ.

ಒಂದು ಕಾಲದಲ್ಲಿ ಮಿಷನ್ನಿನವರೂ ಬೋರ್ಡಿಂಗ್ ಹೋಮ್ ಕಟ್ಟುವುದೇ ದೊಡ್ಡ ಸೇವೆ ಎಂದುಕೊಂಡಿದ್ದರು. ಶಾಲೆಯೇ ಇಲ್ಲದ ಕಾಲಕ್ಕೆ ಅದು ದೊಡ್ಡದೇ ಆಗಿತ್ತು. ಎಷ್ಟೋ ಮನೆಗಳ ಮೊದಲ ಅಕ್ಷರ ಅಲ್ಲಿಂದ ಬಂತು. ಈಗ ಮಗುವನ್ನು ಮನೆಯಲ್ಲೇ ಉಳಿಸುವುದಕ್ಕೆ ದುಡ್ಡು ಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 2015ರ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಿರಬೇಕು ಎನ್ನುತ್ತದೆ. ಗಂಡ ಸತ್ತ ಅಥವಾ ಬಿಟ್ಟುಹೋದ ಬಡ ತಾಯಿ ಮಗುವನ್ನು ತನ್ನ ಜೊತೆಗೇ ಇಟ್ಟುಕೊಂಡು ಓದಿಸಲಿ ಎಂದು ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವವಿದೆ. ಹಳ್ಳಿಯವರಿಗೆ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹಾಕಬೇಕು. ಆ ಅರ್ಜಿ ತುಂಬುವುದು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಹೋಗುವುದು, ಬ್ಯಾಂಕ್ ಖಾತೆ ಮಾಡಿಸುವುದು, ಇವೆಲ್ಲ ಫೋಟೋ ತೆಗೆದು ಹಾಕುವಂಥ ಕೆಲಸಗಳಲ್ಲ. ದಾನಿಗಳಿಗೆ ಕಳಿಸಲು ಚೆಂದದ ಚಿತ್ರ ಸಿಗುವುದಿಲ್ಲ. ಆದರೆ ಆ ಮಗು ರಾತ್ರಿ ಅವ್ವನ ಪಕ್ಕದಲ್ಲೇ ಮಲಗುತ್ತದೆ, ಹಾಸ್ಟೆಲ್ಲಿನ ಕಬ್ಬಿಣದ ಮಂಚದ ಮೇಲಲ್ಲ.

ಇಷ್ಟು ಓದಿದ ಮೇಲೂ ನನ್ನನ್ನು ಏನಾದರೂ ಕೇಳಲೇಬೇಕು ಅನ್ನಿಸಿದರೆ, ನಾನು ನಿಮ್ಮನ್ನೇ ಒಂದು ಕೇಳುತ್ತೇನೆ. ನೀವು ಬೆಂಗಳೂರಿನವರಾಗಿದ್ದರೆ ನಿಮ್ಮ ಮನೆಯ ಹತ್ತಿರ ಎಲ್ಲೋ ಒಂದು ದೊಡ್ಡ ಕಟ್ಟಡ ಏಳುತ್ತಿರುತ್ತದೆ. ತಗಡಿನ ಶೆಡ್ಡುಗಳ ಹತ್ತಿರ ಮರಳ ರಾಶಿಯ ಮೇಲೆ ಆಡುವ ಮಕ್ಕಳಲ್ಲಿ ನಮ್ಮ ಊರಿನವೂ ಇರಬಹುದು. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳು ಇರುವ ಕಡೆ ಕೂಸುಗಳಿಗೆ ಕೋಣೆ ಇರಬೇಕು ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಹೇಳಿದ್ದರು. ಅಲ್ಲಿ ಅಂಥದ್ದೊಂದು ಕೋಣೆ ಇದೆಯೇ ಎಂದು ಮೇಸ್ತ್ರಿಯನ್ನು ಕೇಳಿದ್ದೀರಾ? ಆರು ವರ್ಷ ದಾಟಿದ ಮಗು ಕಂಡರೆ ಹತ್ತಿರದ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋಗಿ. ಟಿಸಿ ತಂದಿಲ್ಲ ಎಂಬ ಕಾರಣಕ್ಕೆ ಸೇರಿಸಿಕೊಳ್ಳದೆ ವಾಪಸ್ ಕಳಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅದು ಸ್ಪಷ್ಟವಾಗಿದೆ. ಮುಖ್ಯಗುರುಗಳು ಹಿಂದೇಟು ಹಾಕಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಗುವಿನ ಊರಿನ ಶಾಲೆ ಯಾವುದೆಂದು ಕೇಳಿ ಬರೆದಿಟ್ಟುಕೊಳ್ಳಿ. ಜೂನ್‌ನಲ್ಲಿ ಅದು ವಾಪಸ್ ಬಂದಾಗ ಯಾವ ತರಗತಿಯಲ್ಲಿ ಕೂರಬೇಕು ಎಂದು ನಮಗೆ ಗೊತ್ತಾಗಬೇಕು.